ಎಸ್ಟೋನಿಯನ್ ಭಾಷೆಯಲ್ಲಿ ‘ನನಗೆ ಸೆಕೆ’, ‘ನನಗೆ ಚಳಿ’ ಎನ್ನುವುದು ಹೇಗೆ? ಕನ್ನಡಿಗರಿಗೊಂದು ಸಮಗ್ರ ಮಾರ್ಗದರ್ಶಿ

ಫೆಬ್ರವರಿಯ ಒಂದು ಬೆಳಿಗ್ಗೆ. ಎಸ್ಟೋನಿಯಾದ ತಾರ್ತು ನಗರದಲ್ಲಿ ಹೊರಗೆ ಹಿಮ, ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿನ ಚಳಿ. ಕಚೇರಿಯ ಒಳಗೆ ರೇಡಿಯೇಟರ್ ಚೆನ್ನಾಗಿ ಕಾದಿತ್ತು, ಕಿಟಕಿಗಳೆಲ್ಲ ಮುಚ್ಚಿದ್ದವು, ಸಣ್ಣ ಕೋಣೆಯಲ್ಲಿ ಎಂಟು ಜನ. ಸ್ವೆಟರಿನೊಳಗೆ ಬೆವರು ಇಳಿಯತೊಡಗಿತು. ಹೊಸದಾಗಿ ಕಲಿಯುತ್ತಿದ್ದ ಭಾಷೆಯಲ್ಲೇ ಹೇಳಬೇಕೆಂಬ ಆಸೆಯಿಂದ ನಾನು ಮನಸ್ಸಿನಲ್ಲಿ ‘ಐ ಆ್ಯಮ್ ಹಾಟ್’ ಎಂಬ ಇಂಗ್ಲಿಷ್ ವಾಕ್ಯವನ್ನು ಕಟ್ಟಿಕೊಂಡು, ಪದಕ್ಕೆ ಪದ ಇಟ್ಟು ‘ಮ ಒಲೆನ್ ಕೂಮ್’ ಎಂದೆ. ಪಕ್ಕದಲ್ಲಿದ್ದ ಸಹೋದ್ಯೋಗಿ ಏನೂ ಹೇಳದೆ ಎದ್ದು ಕಿಟಕಿ ತೆರೆದರು. ಕಾಫಿಯ ಹೊತ್ತಿನಲ್ಲಿ ಮೆಲ್ಲಗೆ ತಿದ್ದಿದರು: “ಹಾಗಲ್ಲ, ‘ಮುಲ್ ಒನ್ ಪಲವ್’ ಎನ್ನಬೇಕು. ನೀವು ಹೇಳಿದ ಮಾತಿಗೆ ‘ನಾನು ಬಹಳ ಆಕರ್ಷಕ’ ಎಂಬ ಅರ್ಥ ಬರುತ್ತದೆ.”

ಆ ಸರಿಯಾದ ವಾಕ್ಯವನ್ನು ಚೀಟಿಯಲ್ಲಿ ಬರೆದುಕೊಂಡು ನೋಡುತ್ತಾ ಕುಳಿತೆ. ‘ನಾನು’ ಎಂಬುದು ಅದರಲ್ಲಿ ಕರ್ತೃವಾಗಿಯೇ ಇಲ್ಲ. ಮುಲ್ ಎಂದರೆ ಸುಮಾರಾಗಿ ‘ನನಗೆ’, ಒನ್ ಎಂದರೆ ‘ಇದೆ’, ಪಲವ್ ಎಂದರೆ ‘ಸೆಕೆ’. ನನಗೆ ಸೆಕೆ ಇದೆ! ಇದು ನಮ್ಮ ಮನೆಯ ವಾಕ್ಯವೇ ಅಲ್ಲವೇ? ಕನ್ನಡದಲ್ಲಿ ಯಾರೂ ‘ನಾನು ಸೆಕೆಯಾಗಿದ್ದೇನೆ’ ಎನ್ನುವುದಿಲ್ಲ. ಕೈಯಳತೆಯಲ್ಲಿದ್ದ ದಾರಿಯನ್ನು ಬಿಟ್ಟು ಇಂಗ್ಲಿಷಿನ ಸುತ್ತುದಾರಿ ಹಿಡಿದದ್ದರಿಂದಲೇ ನಾನು ತಪ್ಪಿದ್ದೆ.

ಈ ಮಾರ್ಗದರ್ಶಿಯನ್ನು ಬರೆಯಲು ಅದೇ ಕಾರಣ. ಎಸ್ಟೋನಿಯಾಕ್ಕೆ ಓದಲು, ಕೆಲಸಕ್ಕೆ ಹೋಗುವ ಕನ್ನಡಿಗರ ಕೈಗೆ ಸಿಗುವ ಪಾಠಗಳೆಲ್ಲ ಇಂಗ್ಲಿಷಿನಲ್ಲಿವೆ. ಮೈಗೆ ಅನಿಸುವುದನ್ನು ಹೇಳುವ ಮಟ್ಟಿಗಾದರೂ ಇಂಗ್ಲಿಷನ್ನು ಬದಿಗಿಟ್ಟು ಕನ್ನಡದಿಂದ ನೇರವಾಗಿ ಹೊರಡಿ ಎಂಬುದು ನನ್ನ ಬಲವಾದ ಸಲಹೆ. ಸುಮಾರು 11 ಲಕ್ಷ ಜನರಾಡುವ ಎಸ್ಟೋನಿಯನ್, ಫಿನ್ನಿಷ್ ಭಾಷೆಯ ಹತ್ತಿರದ ಬಂಧು. ಕನ್ನಡಕ್ಕೂ ಅದಕ್ಕೂ ನಂಟು ಇಲ್ಲ. ಆದರೆ ಮೈಯ ಅನುಭವವನ್ನು ಹೇಳುವ ಬಗೆಯಲ್ಲಿ ಎರಡೂ ಅಕ್ಕಪಕ್ಕದ ಮನೆಯವರಂತಿವೆ.

ಶುರು ಮಾಡುವ ಮೊದಲು: ಉಚ್ಚಾರದ ನಾಲ್ಕು ಮಾತು

ಎಸ್ಟೋನಿಯನ್ ಪದಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ನಮ್ಮ ಲಿಪಿಗೆ ಒಗ್ಗದ ಸ್ವರಗಳಲ್ಲಿ ಮುಖ್ಯವಾದವು ಮೂರು. ‘ಕ್ಯುಲ್ಮ್’ (ಚಳಿ) ಎಂಬಲ್ಲಿ ‘ಯು’ ಎಂದು ಬರೆದದ್ದು ನಿಜಕ್ಕೂ ಒಂದೇ ಸ್ವರ. ಬಾಯೊಳಗೆ ‘ಇ’ ಎನ್ನುತ್ತಲೇ ತುಟಿಗಳನ್ನು ‘ಉ’ ಎನ್ನುವಂತೆ ದುಂಡಗೆ ಮಾಡಿ. ಬರುವ ಧ್ವನಿ ಅದೇ. ‘ಕೊಹ್ತ್’ (ಹೊಟ್ಟೆ) ಎಂಬಲ್ಲಿ ‘ಒ’ ಎನ್ನಿ, ಆದರೆ ತುಟಿ ದುಂಡಗಾಗಬಾರದು, ನಸುನಗೆಯಂತೆ ಅಗಲವಾಗಿಯೇ ಇರಲಿ. ‘ವ್ಯಾಗ’ (ಬಹಳ) ಎಂಬಲ್ಲಿನ ಸ್ವರ ನಾವು ‘ಬ್ಯಾಂಕ್’ ಎನ್ನುವಾಗ ಬರುವಂಥದ್ದು. ಒತ್ತು ಸಾಮಾನ್ಯವಾಗಿ ಪದದ ಮೊದಲ ಅಕ್ಷರದ ಮೇಲೆ ಬೀಳುತ್ತದೆ.

ನಾಲ್ಕನೆಯದು ನಮಗೇ ವಿಶೇಷವಾದ ಎಚ್ಚರಿಕೆ. ವ್ಯಂಜನದಲ್ಲಿ ಕೊನೆಯಾಗುವ ಪದಕ್ಕೆ ಉಕಾರ ಸೇರಿಸುವುದು ನಮ್ಮ ನಾಲಿಗೆಯ ಹುಟ್ಟುಗುಣ. ಬಸ್ ನಮಗೆ ಬಸ್ಸು, ಕಾರ್ ನಮಗೆ ಕಾರು. ಹಾಗೆಯೇ ‘ಮುಲು ಒನು ಪಲವು’ ಎಂದುಬಿಡುತ್ತೇವೆ. ಎಸ್ಟೋನಿಯನ್ ಭಾಷೆಯಲ್ಲಿ ಪದದ ಕೊನೆಯ ಸ್ವರವೇ ಎಷ್ಟೋ ಸಲ ವಿಭಕ್ತಿಯನ್ನು ತೋರಿಸುತ್ತದೆ. ‘ಕ್ಯುಲ್ಮ್’ ಬೇರೆ, ‘ಕ್ಯುಲ್ಮ’ ಬೇರೆ. ಹಾಗಾಗಿ ವ್ಯಂಜನದಲ್ಲಿ ನಿಲ್ಲಬೇಕಾದಲ್ಲಿ ನಿಂತುಬಿಡಿ.

ಮೊದಲ ಹೆಜ್ಜೆ: ‘ನನಗೆ’ ಎಂಬುದರ ಜಾಗಕ್ಕೆ ‘ಮುಲ್’

ಎಸ್ಟೋನಿಯನ್ ಭಾಷೆಗೆ 14 ವಿಭಕ್ತಿಗಳು. ಗಾಬರಿಯಾಗಬೇಡಿ, ನಮಗೆ ಈಗ ಬೇಕಾದದ್ದು ಒಂದೇ: ‘ಲ್’ ಎಂದು ಕೊನೆಯಾಗುವ ರೂಪ.

ಮುಲ್: ನನಗೆ
ಸುಲ್: ನಿನಗೆ
ತಲ್: ಅವನಿಗೆ, ಅವಳಿಗೆ (ಈ ಭಾಷೆಯಲ್ಲಿ ಗಂಡು ಹೆಣ್ಣು ಎಂಬ ಭೇದವೇ ಇಲ್ಲ)
ಮೆಯ್ಲ್: ನಮಗೆ
ತೆಯ್ಲ್: ನಿಮಗೆ
ನೆಯ್ಲ್: ಅವರಿಗೆ

ಇವುಗಳ ಉದ್ದನೆಯ ರೂಪಗಳೂ ಇವೆ: ಮಿನುಲ್, ಸಿನುಲ್, ತೆಮಲ್. ‘ನಿನಗೆ ಚಳಿಯಿರಬಹುದು, ನನಗಂತೂ ಸೆಕೆ’ ಎಂದು ಒತ್ತಿ ಹೇಳುವಾಗ ಇವು ಬರುತ್ತವೆ. ದಿನನಿತ್ಯಕ್ಕೆ ಗಿಡ್ಡ ರೂಪವೇ ಸಾಕು.

ಇದರ ನಂತರ ‘ಒನ್’ ಇಟ್ಟು, ಅನಿಸಿಕೆಯ ಪದ ಸೇರಿಸಿದರೆ ವಾಕ್ಯ ಸಿದ್ಧ. ಮುಲ್ ಒನ್ ಪಲವ್, ನನಗೆ ಸೆಕೆ. ಸುಲ್ ಒನ್ ಕ್ಯುಲ್ಮ್, ನಿನಗೆ ಚಳಿ. ಮೆಯ್ಲ್ ಒನ್ ಯನು, ನಮಗೆ ಬಾಯಾರಿಕೆ. ಯಾರಿಗೆ ಚಳಿಯಾದರೂ, ಎಷ್ಟು ಜನರಿಗೆ ಚಳಿಯಾದರೂ ‘ಒನ್’ ಬದಲಾಗುವುದಿಲ್ಲ. ಕನ್ನಡದಲ್ಲೂ ‘ನಮಗೆಲ್ಲ ಚಳಿಯಾಗುತ್ತಿದೆ’ ಎನ್ನುತ್ತೇವೆಯೇ ಹೊರತು ‘ಆಗುತ್ತಿದ್ದೇವೆ’ ಎನ್ನುವುದಿಲ್ಲವಲ್ಲ.

ಹೆಸರುಗಳಿಗೂ ಇದೇ ‘ಲ್’ ಹತ್ತುತ್ತದೆ. ಸುಮ ಎಂಬವರಿಗೆ ಚಳಿಯಾದರೆ ‘ಸುಮಲ್ ಒನ್ ಕ್ಯುಲ್ಮ್’. ರಮೇಶ್‌ನಂತೆ ವ್ಯಂಜನದಲ್ಲಿ ಕೊನೆಯಾಗುವ ಹೆಸರಿಗೆ ನಡುವೆ ಒಂದು ಇಕಾರ ಬರುತ್ತದೆ: ‘ರಮೇಶಿಲ್’. ಮಗುವಿಗೆ ‘ಲಪ್ಸೆಲ್’, ಅಮ್ಮನಿಗೆ ‘ಎಮಲ್’, ಅಪ್ಪನಿಗೆ ‘ಇಸಲ್’. ಮಕ್ಕಳನ್ನು ಶಿಶುವಿಹಾರಕ್ಕೆ ಬಿಡುವ ತಾಯಂದಿರು ‘ಲಪ್ಸೆಲ್ ಒನ್ ಕ್ಯುಲ್ಮ್’ ಎಂಬುದನ್ನು ಮೊದಲ ವಾರದಲ್ಲೇ ಕಲಿತುಬಿಡುವುದು ಒಳ್ಳೆಯದು.

ಎರಡನೆಯ ಹೆಜ್ಜೆ: ‘ಮುಲ್’ ಮತ್ತು ‘ಮುಲ್ಲೆ’ ಕಲಸಿಹೋಗದಂತೆ ನೋಡಿಕೊಳ್ಳಿ

ಇಂಗ್ಲಿಷಿನಿಂದ ಬರುವವರು ‘ಮ ಒಲೆನ್ ಕೂಮ್’ ಎಂದು ಎಡವುತ್ತಾರೆ. ಕನ್ನಡದಿಂದ ನೇರವಾಗಿ ಹೋಗುವವರು ಎಡವುವ ಕಲ್ಲು ಬೇರೆ, ಮತ್ತು ಅದರ ಬಗ್ಗೆ ಯಾವ ಪಾಠದಲ್ಲೂ ನಾನು ಓದಲಿಲ್ಲ. ಅದಕ್ಕಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ನಮ್ಮ ‘ನನಗೆ’ ಎಂಬ ಒಂದೇ ಪದ ಮಾಡುವ ಕೆಲಸವನ್ನು ಎಸ್ಟೋನಿಯನ್ ಎರಡು ಪದಗಳಿಗೆ ಹಂಚಿಕೊಟ್ಟಿದೆ. ‘ಮುಲ್’ ಒಂದು, ‘ಮುಲ್ಲೆ’ ಇನ್ನೊಂದು. ಮೇಜಿನ ಉದಾಹರಣೆಯಿಂದ ಇದು ತಿಳಿಯಾಗುತ್ತದೆ. ‘ಲಉಅಲ್’ ಎಂದರೆ ಮೇಜಿನ ಮೇಲೆ. ಪುಸ್ತಕ ಅಲ್ಲಿ ಸುಮ್ಮನೆ ಇದೆ. ‘ಲಉಅಲೆ’ ಎಂದರೆ ಮೇಜಿನ ಮೇಲಕ್ಕೆ. ಪುಸ್ತಕವನ್ನು ಈಗ ತಂದು ಇಡುತ್ತಿದ್ದೇವೆ. ‘ಲ್’ ಇರುವಿಕೆ, ‘ಲೆ’ ಚಲನೆ. ಅದೇ ರೀತಿ, ಚಳಿ ನನ್ನ ಮೈಮೇಲೆ ಇದೆ ಎಂದಾಗ ‘ಮುಲ್’. ಏನಾದರೂ ನನ್ನ ಕಡೆಗೆ ಬಂದು ಸೇರುತ್ತಿದ್ದರೆ ‘ಮುಲ್ಲೆ’.

‘ನನಗೆ ನೀರು ಕೊಡು’ ಎಂಬಲ್ಲಿ ನೀರು ನನ್ನ ಕಡೆಗೆ ಬರುತ್ತಿದೆ: ‘ಅನ್ನ ಮುಲ್ಲೆ ವೆತ್ತ್’. (‘ಅನ್ನ’ ಎಂದರೆ ಇಲ್ಲಿ ‘ಕೊಡು’. ಕನ್ನಡಿಗರಿಗೆ ಇದು ಮರೆಯಲು ಸಾಧ್ಯವಿಲ್ಲದ ಪದ.) ‘ನನಗೆ ಇಷ್ಟ’ ಎಂಬುದೂ ಈ ಗುಂಪಿನದೇ: ‘ಮುಲ್ಲೆ ಮೇಲ್ದಿಬ್’. ಆದರೆ ‘ನನಗೆ ಬಾಯಾರಿಕೆ’ ಎಂದರೆ ಬಾಯಾರಿಕೆ ಆಗಲೇ ನನ್ನಲ್ಲಿ ಇದೆ. ‘ಮುಲ್ ಒನ್ ಯನು’. ‘ಮುಲ್ಲೆ ಒನ್ ಪಲವ್’ ಎಂದರೆ ಕೇಳುವವರು ಅರ್ಥ ಮಾಡಿಕೊಂಡಾರು, ಆದರೆ ಅದು ತಪ್ಪು. ನೆನಪಿಗೆ ಹೀಗೊಂದು ಉಪಾಯ: ಕನ್ನಡ ವಾಕ್ಯದಲ್ಲಿ ‘ಕೊಡು, ಹೇಳು, ಇಷ್ಟ’ ಇದ್ದರೆ ‘ಲೆ’ ಸೇರಿಸಿ. ಹಸಿವು, ನೀರಡಿಕೆ, ಚಳಿ, ಸೆಕೆ, ನೋವು ಇದ್ದರೆ ಬರಿಯ ‘ಲ್’ ಸಾಕು.

ಮೂರನೆಯ ಹೆಜ್ಜೆ: ಸೆಕೆಗೂ ಬಿಸಿಗೂ ಇರುವ ವ್ಯತ್ಯಾಸ

ಇಲ್ಲಿ ಕನ್ನಡಿಗರಿಗೆ ನಿಜವಾದ ಅನುಕೂಲವಿದೆ. ಇಂಗ್ಲಿಷ್ ಒಂದೇ ಪದದಲ್ಲಿ ಕಾದ ಹಂಚು, ಏಪ್ರಿಲ್ ಮಧ್ಯಾಹ್ನ, ಮೆಣಸಿನಕಾಯಿ ಮೂರನ್ನೂ ತುರುಕುತ್ತದೆ. ನಾವು ಬಿಸಿ, ಸೆಕೆ, ಖಾರ ಎಂದು ಬೇರೆ ಮಾಡಿದ್ದೇವೆ. ಎಸ್ಟೋನಿಯನ್ನರೂ ಹಾಗೆಯೇ. ಮೈಗಾಗುವ ಸೆಕೆ ‘ಪಲವ್’. ಮುಟ್ಟಿದರೆ ಸುಡುವ ವಸ್ತು ‘ಕೂಮ್’. ನಾಲಿಗೆಗೆ ಹತ್ತುವ ಖಾರ ‘ತೆರವ್’.

ಸೂಪ್ ಬಿಸಿಯಿದ್ದರೆ ‘ಸುಪ್ಪ್ ಒನ್ ಕೂಮ್’. ಬೆಂಕಿಯಂತೆ ಸುಡುತ್ತಿದ್ದರೆ ‘ತುಲಿಕೂಮ್’. ‘ತುಲಿ’ ಎಂದರೆ ಬೆಂಕಿ. ಯಾರಾದರೂ ನಿಮ್ಮ ಮನೆಗೆ ಊಟಕ್ಕೆ ಬಂದು ಸಾರು ಬಾಯಿಗಿಟ್ಟ ಕೂಡಲೇ ‘ಸೂ ಪೊಲೆಬ್’ ಎಂದರೆ, ‘ಬಾಯಿ ಉರಿಯುತ್ತಿದೆ’ ಎಂದರ್ಥ. ನೀರಿನ ಲೋಟ ಮುಂದೆ ಸರಿಸಿ.

ಹವಾಮಾನಕ್ಕೆ ‘ತ್ಯಾನ ಒನ್ ಪಲವ್’ (ಇವತ್ತು ಸೆಕೆ) ಎನ್ನಬಹುದು. ಬಿಸಿಲು ಇನ್ನೂ ಜೋರಾದರೆ ಹವೆಗೂ ‘ಕೂಮ್’ ಬರುತ್ತದೆ. ಆದರೆ ನಿಮ್ಮ ಮೈಗೆ ಆಗುತ್ತಿರುವುದನ್ನು ಹೇಳುವಾಗ ‘ಪಲವ್’ ಹಿಡಿದುಕೊಳ್ಳಿ. ನಮ್ಮ ಕರಾವಳಿಯಲ್ಲಿ ಮೇ ತಿಂಗಳಲ್ಲಿ ಮಳೆಗೆ ಮುಂಚೆ ಗಾಳಿ ನಿಂತು, ಅಂಗಿ ಬೆನ್ನಿಗೆ ಅಂಟುವ ಸೆಕೆಯಿದೆಯಲ್ಲ, ಅದಕ್ಕೆ ಹತ್ತಿರದ ಪದ ‘ಲ್ಯಾಂಬೆ’. ಗುಡುಗು ಮಳೆಗೆ ಮುಂಚಿನ ಬೇಸಿಗೆಯ ಸಂಜೆಯಲ್ಲಿ ತಾರ್ತುವಿನಲ್ಲೂ ಈ ಪದ ಕಿವಿಗೆ ಬೀಳುತ್ತದೆ.

ತಂಪಿನ ಕಡೆಗೆ ಬಂದರೆ ಅನುಕೂಲ ಸ್ವಲ್ಪ ಕಡಿಮೆ. ನಮಗೆ ಮೈಗಾಗುವುದು ಚಳಿ, ಕೈಗೆ ತಗಲುವುದು ತಣ್ಣಗೆ. ಅವರಿಗೆ ಎರಡಕ್ಕೂ ‘ಕ್ಯುಲ್ಮ್’. ತಣ್ಣೀರು ‘ಕ್ಯುಲ್ಮ್ ವೆಸಿ’, ನನಗೆ ಚಳಿ ‘ಮುಲ್ ಒನ್ ಕ್ಯುಲ್ಮ್’. ‘ಮ ಒಲೆನ್ ಕ್ಯುಲ್ಮ್’ ಎಂದರೆ ಮಾತ್ರ ‘ನಾನು ಭಾವನೆಗಳಿಲ್ಲದ ತಣ್ಣನೆಯ ಮನುಷ್ಯ’ ಎಂಬ ಅರ್ಥ ಬಂದುಬಿಡುತ್ತದೆ. ನಡುವಿನ ಹಂತಗಳಿಗೆ ‘ಯಹೆ’ (ಸಣ್ಣಗೆ ಚಳಿ, ತಂಪು), ‘ಸೊಎ’ (ಹಿತವಾಗಿ ಬೆಚ್ಚಗೆ), ‘ಲೆಯ್ಗೆ’ (ಉಗುರು ಬೆಚ್ಚಗೆ, ಇದು ನೀರಿನಂಥ ವಸ್ತುಗಳಿಗೆ).

ಈ ‘ಸೊಎ’ ಮತ್ತು ‘ಕ್ಯುಲ್ಮ್’ ತಾಪಮಾನ ಹೇಳುವಾಗಲೂ ಬರುತ್ತವೆ. ಸೊನ್ನೆಗಿಂತ ಕೆಳಗೆ ಹತ್ತು ಡಿಗ್ರಿ ಇದ್ದರೆ ‘ಕ್ಯುಮ್ಮೆ ಕ್ರಾದಿ ಕ್ಯುಲ್ಮ’, ಅಂದರೆ ‘ಹತ್ತು ಡಿಗ್ರಿ ಚಳಿ’. ಸೊನ್ನೆಗಿಂತ ಮೇಲೆ ಇಪ್ಪತ್ತಿದ್ದರೆ ‘ಕಕ್ಸ್‌ಕ್ಯುಮ್ಮೆಂದ್ ಕ್ರಾದಿ ಸೋಯ’, ‘ಇಪ್ಪತ್ತು ಡಿಗ್ರಿ ಬೆಚ್ಚಗೆ’. ಋಣ ಚಿಹ್ನೆಯ ಗೊಡವೆಯೇ ಇಲ್ಲದ ಈ ಬಗೆ ನನಗೆ ತುಂಬ ಹಿಡಿಸಿತು. ಈ ಪುಟ್ಟ ದೇಶ ಎರಡೂ ತುದಿಗಳನ್ನು ಕಂಡಿದೆ: 1940ರ ಜನವರಿ 17ರಂದು ಯೊಗೆವದಲ್ಲಿ 43.5 ಡಿಗ್ರಿ ‘ಕ್ಯುಲ್ಮ’, 1992ರ ಆಗಸ್ಟ್ 11ರಂದು ವೊರುವಿನಲ್ಲಿ 35.6 ಡಿಗ್ರಿ ‘ಸೋಯ’. ಇವೆರಡೂ ಅಲ್ಲಿನ ದಾಖಲೆಗಳು.

ನಾಲ್ಕನೆಯ ಹೆಜ್ಜೆ: ಕೇಳುವುದು, ಅಲ್ಲಗಳೆಯುವುದು, ಅಳತೆ ಹೇಳುವುದು

ಪ್ರಶ್ನೆಗೆ ವಾಕ್ಯದ ಮುಂದೆ ‘ಕಸ್’ ಇಟ್ಟರೆ ಮುಗಿಯಿತು. ‘ಕಸ್ ಸುಲ್ ಒನ್ ಕ್ಯುಲ್ಮ್?’ ನಿನಗೆ ಚಳಿಯೇ? ಹಿರಿಯರನ್ನು, ಅಪರಿಚಿತರನ್ನು ಕೇಳುವಾಗ ‘ಕಸ್ ತೆಯ್ಲ್ ಒನ್ ಕ್ಯುಲ್ಮ್?’ ನೀನು, ನೀವು ಎಂಬ ಭೇದ ಅಲ್ಲೂ ಉಂಟು, ಮತ್ತು ಅದನ್ನು ಪಾಲಿಸಿದರೆ ಜನ ಮೆಚ್ಚುತ್ತಾರೆ.

ಅಲ್ಲಗಳೆಯಲು ‘ಒನ್’ ಜಾಗದಲ್ಲಿ ‘ಎಯ್ ಒಲೆ’ ಬರುತ್ತದೆ. ‘ಮುಲ್ ಎಯ್ ಒಲೆ ಕ್ಯುಲ್ಮ್’, ನನಗೆ ಚಳಿಯಿಲ್ಲ. ಎದುರಿಗೆ ಒಲೆ ಉರಿಯುತ್ತಿದೆ, ಹಾಗಾಗಿ ಚಳಿಯಿಲ್ಲ ಎಂದು ನೆನಪಿಟ್ಟುಕೊಳ್ಳಿ. ಆಡುಮಾತಿನಲ್ಲಿ ‘ಎಯ್ ಒಲೆ’ ಕುಗ್ಗಿ ‘ಪೊಲೆ’ ಆಗುವುದೂ ಉಂಟು.

ಸ್ವಲ್ಪ ಎನ್ನಲು ‘ನತುಕೆ’, ಬಹಳ ಎನ್ನಲು ‘ವ್ಯಾಗ’, ಅತಿಯಾಗಿ ಎನ್ನಲು ‘ಲೀಗ’. ‘ಮುಲ್ ಒನ್ ನತುಕೆ ಕ್ಯುಲ್ಮ್.’ ‘ಮುಲ್ ಒನ್ ವ್ಯಾಗ ಪಲವ್.’ ನಿನ್ನೆಯ ಮಾತಾದರೆ ‘ಒನ್’ ಬದಲು ‘ಒಲಿ’: ‘ಮುಲ್ ಒಲಿ ಎಯ್ಲೆ ಕ್ಯುಲ್ಮ್’, ನಿನ್ನೆ ನನಗೆ ಚಳಿಯಾಗಿತ್ತು.

ಐದನೆಯ ಹೆಜ್ಜೆ: ‘ಇದೆ’ ಮತ್ತು ‘ಆಗತೊಡಗಿದೆ’

ಕನ್ನಡದಲ್ಲಿ ‘ನನಗೆ ಚಳಿಯಾಗುತ್ತಿದೆ’ ಎಂಬ ಒಂದೇ ವಾಕ್ಯ ಎರಡು ಕೆಲಸ ಮಾಡುತ್ತದೆ. ಗಂಟೆಗಟ್ಟಲೆ ಚಳಿಯಲ್ಲಿ ನಿಂತವರೂ, ಈಗಷ್ಟೇ ಮೈ ನಡುಗಿದವರೂ ಅದನ್ನೇ ಹೇಳುತ್ತಾರೆ. ಎಸ್ಟೋನಿಯನ್ ಇದನ್ನು ಒಡೆಯುತ್ತದೆ. ಚಳಿ ಆಗಲೇ ಇದ್ದರೆ ‘ಮುಲ್ ಒನ್ ಕ್ಯುಲ್ಮ್’. ಇನ್ನೇನು ಶುರುವಾಗುತ್ತಿದ್ದರೆ ‘ಮುಲ್ ಹಕ್ಕಬ್ ಕ್ಯುಲ್ಮ್’. ಶುರುವಾಗಿಬಿಟ್ಟಿದ್ದರೆ ‘ಮುಲ್ ಹಕ್ಕಸ್ ಕ್ಯುಲ್ಮ್’. ನಮ್ಮ ‘ಆಗು’ ಧಾತುವಿನ ಅಭ್ಯಾಸದಿಂದ ಎಲ್ಲೆಡೆ ‘ಹಕ್ಕಬ್’ ಬಳಸುವ ಆಸೆಯಾಗುತ್ತದೆ. ಬೇಡ. ‘ಈಗ ಶುರುವಾಯಿತು’ ಎನ್ನಬೇಕಾದಾಗ ಮಾತ್ರ ಅದನ್ನು ತನ್ನಿ.

ಆ ಫೆಬ್ರವರಿಯ ಕೋಣೆಯಲ್ಲಿ ನಾನು ಹೇಳಬೇಕಾಗಿದ್ದ ಪೂರ್ತಿ ಮಾತು ಹೀಗಿತ್ತು: ‘ಕಸ್ ಮ ವೊಯ್ನ್ ಅಕ್ನ ಲಹ್ತಿ ತೆಹ? ಮುಲ್ ಒನ್ ಪಲವ್.’ ನಾನು ಕಿಟಕಿ ತೆರೆಯಬಹುದೇ? ನನಗೆ ಸೆಕೆ. ಇದನ್ನು ಹಾಗೇ ಬಾಯಿಪಾಠ ಮಾಡಿಕೊಳ್ಳಿ, ಚಳಿಗಾಲವಿಡೀ ಕೆಲಸಕ್ಕೆ ಬರುತ್ತದೆ. ಕಿಟಕಿ ತೆರೆದ ಮೇಲೆ ಯಾರಾದರೂ ‘ಸೀನ್ ತೊಂಬಬ್’ ಎಂದರೆ, ಇಲ್ಲಿ ಗಾಳಿ ನುಗ್ಗುತ್ತಿದೆ ಎಂದರ್ಥ. ಪದಶಃ ‘ಇಲ್ಲಿ ಎಳೆಯುತ್ತಿದೆ’. ಆಗ ಕಿಟಕಿ ಮುಚ್ಚುವುದು ಸೌಜನ್ಯ.

ಆರನೆಯ ಹೆಜ್ಜೆ: ಹಸಿವು, ನಿದ್ದೆ, ದಣಿವು

ನಿದ್ದೆ ಬರುತ್ತಿದ್ದರೆ ‘ಮುಲ್ ಒನ್ ಉನಿ’. ಹಸಿವಾದರೆ ‘ಮುಲ್ ಒನ್ ಕೊಹ್ತ್ ತ್ಯುಹಿ’, ಅಂದರೆ ನನ್ನ ಹೊಟ್ಟೆ ಖಾಲಿ. ಹೊಟ್ಟೆ ತುಂಬಿದ್ದರೆ ‘ಮುಲ್ ಒನ್ ಕೊಹ್ತ್ ತ್ಯಾಯ್ಸ್’. ಬಡಿಸುತ್ತಲೇ ಇರುವ ಆತಿಥೇಯರಿಗೆ ಈ ವಾಕ್ಯವನ್ನು ಪೂರ್ತಿಯಾಗಿಯೇ ಹೇಳಿ. ಹೊಟ್ಟೆಯನ್ನು ಬಿಟ್ಟು ‘ಮ ಒಲೆನ್ ತ್ಯಾಯ್ಸ್’ ಎಂದರೆ ‘ನಾನು ಕುಡಿದಿದ್ದೇನೆ’ ಎಂದಾಗುತ್ತದೆ.

ದಣಿವಿನ ವಿಷಯದಲ್ಲಿ ಮಾತ್ರ ‘ಮುಲ್’ ನಡೆಯದು. ‘ನನಗೆ ಸುಸ್ತಾಗಿದೆ’ ಎಂಬ ಕನ್ನಡ ವಾಕ್ಯ ಇಲ್ಲಿ ದಾರಿ ತಪ್ಪಿಸುತ್ತದೆ. ‘ನಾನು ದಣಿದಿದ್ದೇನೆ’ ಎಂಬುದನ್ನು ಮನಸ್ಸಿಗೆ ತಂದುಕೊಳ್ಳಿ: ‘ಮ ಒಲೆನ್ ವ್ಯಾಸಿನುದ್’. ಕಾಯಿಲೆಯೂ ಹೀಗೆಯೇ: ‘ಮ ಒಲೆನ್ ಹಯ್ಗೆ’, ನಾನು ಕಾಯಿಲೆ ಬಿದ್ದಿದ್ದೇನೆ.

ಏಳನೆಯ ಹೆಜ್ಜೆ: ನೋವು, ಜ್ವರ, ತಲೆಸುತ್ತು

ವೈದ್ಯರ ಮುಂದೆ ಕೂರುವಾಗ ತಪ್ಪಿಗೆ ಬೆಲೆ ಹೆಚ್ಚು, ಹಾಗಾಗಿ ಇದನ್ನು ನಿಧಾನವಾಗಿ ಓದಿ.

ನೋವಿನ ಪದಗಳು ನಮ್ಮಂತೆಯೇ ಕಟ್ಟಿಕೊಂಡಿವೆ. ‘ಪೆಅ’ ತಲೆ, ‘ವಲು’ ನೋವು, ‘ಪೆಅವಲು’ ತಲೆನೋವು. ಹಾಗೆಯೇ ‘ಹಂಬವಲು’ ಹಲ್ಲುನೋವು, ‘ಕೊಹುವಲು’ ಹೊಟ್ಟೆನೋವು, ‘ಸೆಲ್ಯವಲು’ ಬೆನ್ನುನೋವು. ‘ಮುಲ್ ಒನ್ ಪೆಅವಲು’ ಎನ್ನಬಹುದು. ಕ್ರಿಯಾಪದ ಬೇಕೆಂದರೆ ‘ಮುಲ್ ವಲುತಬ್ ಪೆಅ’, ನನಗೆ ತಲೆ ನೋಯುತ್ತಿದೆ. ಎರಡೂ ಕಾಲು ನೋಯುತ್ತಿದ್ದರೆ ಕ್ರಿಯಾಪದವೂ ಬಹುವಚನಕ್ಕೆ ಹೋಗುತ್ತದೆ: ‘ಮುಲ್ ವಲುತವದ್ ಯಲದ್’, ನಮ್ಮ ‘ನೋಯುತ್ತಿವೆ’ಯಂತೆ.

ತಲೆ ಸುತ್ತುವುದಕ್ಕೆ ‘ಮುಲ್ ಕ್ಯಾಯ್ಬ್ ಪೆಅ ರಿಂಗಿ’. ತಲೆ ವೃತ್ತಾಕಾರವಾಗಿ ತಿರುಗುತ್ತಿದೆ ಎಂದೇ ಅದರ ಅರ್ಥ. ಇದನ್ನು ಮೊದಲ ಸಲ ಕೇಳಿದಾಗ ನನಗಾದ ಸಂತೋಷ ಹೇಳತೀರದು. ಎಲ್ಲಿಯ ತುಂಗಭದ್ರೆ, ಎಲ್ಲಿಯ ಬಾಲ್ಟಿಕ್ ತೀರ, ತಲೆ ಮಾತ್ರ ಎರಡೂ ಕಡೆ ಸುತ್ತುತ್ತದೆ.

ಆದರೆ ಹೊಟ್ಟೆ ತೊಳಸುವುದಕ್ಕೆ ಅವರು ಹೊಟ್ಟೆಯ ಹೆಸರೆತ್ತುವುದಿಲ್ಲ. ‘ಮುಲ್ ಒನ್ ಸ್ಯುದ ಪಹ’ ಎನ್ನುತ್ತಾರೆ. ‘ಸ್ಯುದ’ ಎಂದರೆ ಹೃದಯ, ‘ಪಹ’ ಎಂದರೆ ಕೆಟ್ಟದು. ಪದ ನೋಡಿ ಹೃದಯದ ತೊಂದರೆ ಎಂದುಕೊಳ್ಳಬೇಡಿ, ಇದು ವಾಕರಿಕೆ. ನಿಜಕ್ಕೂ ಹೃದಯದ ಭಾಗದಲ್ಲಿ ನೋವಿದ್ದರೆ ‘ಸ್ಯುದ ವಲುತಬ್’ ಎನ್ನಬೇಕು. ಈ ಎರಡನ್ನು ಅದಲು ಬದಲು ಮಾಡಲೇಬೇಡಿ.

ಇನ್ನೊಂದು ಜೋಡಿ ‘ಪಲವ್’ ಮತ್ತು ‘ಪಲವಿಕ್’. ಸೆಕೆಯ ಬಾಲಕ್ಕೆ ‘ಇಕ್’ ಸೇರಿದರೆ ಜ್ವರ. ಮೈ ಕಾದಿರುವ ಮಗುವನ್ನು ಎತ್ತಿಕೊಂಡು ಹೋಗಿ ‘ಲಪ್ಸೆಲ್ ಒನ್ ಪಲವ್’ ಎಂದರೆ ದಾದಿ ಜಾಕೆಟ್ ತೆಗೆಯಲು ಹೇಳಿಯಾರು. ‘ಲಪ್ಸೆಲ್ ಒನ್ ಪಲವಿಕ್’ ಎನ್ನಿ. ಎಷ್ಟಿದೆ ಎಂಬ ಪ್ರಶ್ನೆ ತಪ್ಪದೆ ಬರುತ್ತದೆ. ನಮ್ಮಲ್ಲಿ ಜ್ವರವನ್ನು ಫ್ಯಾರನ್‌ಹೀಟ್‌ನಲ್ಲಿ ನೂರೊಂದು, ನೂರೆರಡು ಎಂದು ಹೇಳುವ ರೂಢಿ ಇನ್ನೂ ಇದೆ. ಅಲ್ಲಿ ಸೆಲ್ಸಿಯಸ್ ಮಾತ್ರ. ನಮ್ಮ 101 ಅವರಿಗೆ ಸುಮಾರು 38.3, ನಮ್ಮ 102 ಸುಮಾರು 38.9. ಚಳಿಜ್ವರದ ನಡುಕಕ್ಕೆ ‘ಕ್ಯುಲ್ಮವ್ಯಾರಿನದ್’, ನೆಗಡಿಗೆ ‘ನೊಹು’, ಕೆಮ್ಮಿಗೆ ‘ಕ್ಯೊಹ’. ಎಲ್ಲಕ್ಕೂ ಮುಂದೆ ಅದೇ ‘ಮುಲ್ ಒನ್’.

ಕೊನೆಯ ಹೆಜ್ಜೆ: ಸೌನಾದೊಳಗೆ

ಎಸ್ಟೋನಿಯಾದಲ್ಲಿ ನೆಲೆಸಿದವರನ್ನು ಒಂದಲ್ಲ ಒಂದು ದಿನ ಯಾರಾದರೂ ಸೌನಾಕ್ಕೆ ಕರೆಯುತ್ತಾರೆ. ಕಾದ ಕಲ್ಲುಗಳ ಹಬೆಯಲ್ಲಿ ಬೆವರುವ ಈ ಸ್ನಾನ ಅವರಿಗೆ ಮನೆಯೊಳಗಿನ ಸಂಪ್ರದಾಯ. ಅಲ್ಲಿನ ವೊರುಮಾ ಪ್ರದೇಶದ ಹೊಗೆ ಸೌನಾ ಪದ್ಧತಿ 2014ರಲ್ಲಿ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು. ಮರದ ಮೆಟ್ಟಿಲುಗಳಲ್ಲಿ ಮೇಲೆ ಕುಳಿತಷ್ಟೂ ಕಾವು ಹೆಚ್ಚು. ಕಲ್ಲುಗಳಿರುವ ಒಲೆ ‘ಕೆರಿಸ್’, ಅದರ ಮೇಲೆ ನೀರು ಎರಚಿದಾಗ ಏಳುವ ಹಬೆ ‘ಲೆಯ್ಲ್’, ಮೈಗೆ ಬಡಿದುಕೊಳ್ಳುವ ಬರ್ಚ್ ಎಲೆಗಳ ಕಟ್ಟು ‘ವಿಹ್ತ್’.

ನೀರು ಎರಚುವ ಮೊದಲು ಒಳ್ಳೆಯ ಆತಿಥೇಯರು ‘ಕಸ್ ಸುಲ್ ಒನ್ ಪಲವ್?’ ಎಂದು ಕೇಳುತ್ತಾರೆ. ಇನ್ನೂ ತಡೆಯಬಲ್ಲಿರಾದರೆ ‘ಎಯ್ ಒಲೆ’. ಹಿತವಾಗಿದ್ದರೆ ‘ಮುಲ್ ಒನ್ ಹೆಅ ಒಲ್ಲ’, ನನಗೆ ಹಾಯೆನಿಸುತ್ತಿದೆ. ಸಾಕೆನಿಸಿದರೆ ‘ಮುಲ್ ಒನ್ ಲೀಗ ಪಲವ್, ಲ್ಯಾಹೆನ್ ವ್ಯಾಲ್ಯ ಯಹ್ತುಮ’: ತುಂಬ ಸೆಕೆಯಾಯಿತು, ಹೊರಗೆ ಹೋಗಿ ತಣಿದು ಬರುತ್ತೇನೆ. ಹೀಗೆ ಹೇಳಿ ಎದ್ದು ಹೋಗುವುದನ್ನು ಅಲ್ಲಿ ಯಾರೂ ಅಗೌರವವೆಂದು ತಿಳಿಯುವುದಿಲ್ಲ.

ತಲೆ ಹಗುರವಾಗಿ ಕಣ್ಣು ಮಂಜಾಗತೊಡಗಿದರೆ ವ್ಯಾಕರಣವನ್ನೆಲ್ಲ ಮರೆತು ಮೂರೇ ಪದ ಹೇಳಿ, ಜೋರಾಗಿ: ‘ಮುಲ್ ಹಕ್ಕಸ್ ಹಲ್ಬ್.’ ನನಗೆ ಮೈ ಸರಿಯಿಲ್ಲದಂತಾಗುತ್ತಿದೆ. ಪಕ್ಕದಲ್ಲಿರುವವರು ಕೂಡಲೇ ಬಾಗಿಲು ತೆರೆಯುತ್ತಾರೆ. ತುರ್ತು ಸಹಾಯಕ್ಕೆ ಕರೆ ಮಾಡುವ ಸಂಖ್ಯೆ 112. ಅಷ್ಟು ಗಂಭೀರವಲ್ಲದ, ಆದರೆ ವೈದ್ಯರನ್ನು ಕೇಳಬೇಕೆನಿಸುವ ಜ್ವರ, ನೋವುಗಳಿಗೆ 1220 ಎಂಬ ಕುಟುಂಬ ವೈದ್ಯರ ಸಲಹಾ ದೂರವಾಣಿ ಇದೆ. ಅಲ್ಲಿಗೆ ಫೋನ್ ಮಾಡಿ ‘ತೆರೆ’ (ನಮಸ್ಕಾರ) ಎಂದು ಶುರು ಮಾಡಿ, ‘ಮುಲ್ ಒನ್ ಯುಬ ಕಕ್ಸ್ ಪ್ಯಾಎವ ಪಲವಿಕ್’, ಎರಡು ದಿನದಿಂದ ನನಗೆ ಜ್ವರವಿದೆ, ಎಂದು ಹೇಳಿ.